ಚುರುಮುರಿಗೆ ಕನ್ನಡ ಬರುತ್ತೆ

ನಮ್ಮ ಬಾಡಿಗೆ ಮನೆಗೆ ಐದನೆಯವನಾಗಿ ಬಂದವನು ಚುರುಮುರಿ. ವಯಸ್ಸು ಸುಮಾರು ನಾಲ್ಕು, ತೂಕ ಏಳು ಕೆಜಿ, ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ತಳಿ ಜಾಕ್ ರಸೆಲ್ ಟೆರಿಯರ್. ಕಾಲೇಜಿನ ಹಿಂದಿನ ಗೇಟ್ ಕಡೆಯಿಂದ ಓಡಾಡೋರು ಅವನನ್ನ ನೋಡಿರ್ತೀರ. ನೋಡಿಲ್ಲ ಅಂದ್ರೂ ಆಗಸ್ಟ್ ತಿಂಗಳಲ್ಲಿ ಖಂಡಿತ ಕೇಳಿಸಿಕೊಂಡಿರ್ತೀರ.

ನಮಗಿಂತ ಮುಂಚೆ ಅವನಿಗೆ ಎರಡು ಮನೆ ಆಗಿತ್ತು. ಮೊದಲನೆಯವರು ಮರಿಯಿಂದ ಸಾಕಿ, ವಿದೇಶಕ್ಕೆ ಹೋಗುವಾಗ ಬಿಟ್ಟು ಹೋದರು. ಎರಡನೆಯವರು ಎರಡು ತಿಂಗಳು ಇಟ್ಟುಕೊಂಡು ವಾಪಸ್ ತಂದುಕೊಟ್ಟರು. ತಟ್ಟೆ ಹತ್ತಿರ ಹೋದ್ರೆ ಗುರ್ ಅಂತಾನೆ, ಗಿಡ ಕೀಳ್ತಾನೆ, ಒಂಟಿಯಾಗಿ ಬಿಟ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾನೆ ಅನ್ನೋದು ಅವರ ದೂರು. ಆಮೇಲೆ ಅವನನ್ನ ನೋಡಿಕೊಳ್ತಿದ್ದ ಅಕ್ಕನ ಮನೆಯಲ್ಲಿ ಆಗಲೇ ಒಂಬತ್ತು ನಾಯಿ ಇದ್ದವು. "ಮೂರನೇ ಮನೆಯಿಂದಾನೂ ವಾಪಸ್ ಬಂದ ನಾಯಿನ ಯಾರೂ ಕೇಳಲ್ಲ ಕಣ್ರೋ. ಯೋಚನೆ ಮಾಡಿ ಕರ್ಕೊಂಡು ಹೋಗಿ" ಅಂದ್ರು. ನಾವು ನಾಲ್ಕು ಜನ ಒಂದು ವಾರ ಯೋಚನೆ ಮಾಡಿದ್ವಿ. ಮೇಲಿನ ಮಹಡಿಯ ಓನರ್ ಆಂಟಿಯನ್ನ ಕೇಳಿದ್ವಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೀಪಾವಳಿ ತನಕ ನೋಡ್ತೀನಿ ಕಣ್ರಪ್ಪ. ಸರಿ ಹೋದ್ರೆ ಇರ್ಲಿ, ಇಲ್ಲಾಂದ್ರೆ ನೀವೇ ಒಂದು ದಾರಿ ನೋಡ್ಕೊಳ್ಳಿ" ಅಂದ್ರು. ಅಂದ್ರೆ ನಮಗೆ ಇದ್ದದ್ದು ಎರಡೂವರೆ ತಿಂಗಳು.

ಮೊದಲು ನಾವು ಮಾಡಿದ ಕೆಲಸ ಓದಿದ್ದು. ಟೆರಿಯರ್ ಅನ್ನೋ ಪದದ ಬುಡದಲ್ಲಿ ಇರೋದು ಲ್ಯಾಟಿನ್ ಭಾಷೆಯ 'ಟೆರಾ', ಅಂದ್ರೆ ನೆಲ. ಬಿಲದೊಳಗೆ ನುಗ್ಗಿ ನರಿ, ಇಲಿ, ಹೆಗ್ಗಣಗಳನ್ನ ಹೊರಗೆ ಓಡಿಸೋಕೆ ಅಂತಲೇ ಬೆಳೆಸಿದ ನಾಯಿಗಳು ಇವು. ಜಾಕ್ ರಸೆಲ್ ಅನ್ನೋದು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಒಬ್ಬ ಪಾದ್ರಿಯ ಹೆಸರು. ಬೇಟೆಯ ಹುಚ್ಚಿದ್ದ ಈತ 1819ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದ್ತಿದ್ದಾಗ, ಟ್ರಂಪ್ ಅನ್ನೋ ಹೆಣ್ಣು ನಾಯಿಯನ್ನ ಕೊಂಡುಕೊಂಡ; ಈ ತಳಿ ಶುರುವಾಗಿದ್ದೇ ಅದರಿಂದ ಅಂತ ಹೇಳ್ತಾರೆ. ಇದನ್ನೆಲ್ಲ ಓದಿದ ಮೇಲೆ ದೂರಿನ ಪಟ್ಟಿ ಬೇರೆ ಥರ ಕಾಣಿಸ್ತು. ಅಗೆಯೋದು, ಬೊಗಳೋದು, ಓಡೋದನ್ನೆಲ್ಲ ಅಟ್ಟಿಸಿಕೊಂಡು ಹೋಗೋದು ಅವನ ಕೆಟ್ಟ ಗುಣ ಅಲ್ಲ, ಅವನ ಕಸುಬು. ಬಿಲದೊಳಗಿಂದ ಬೊಗಳಿದ್ರೆ ತಾನೇ ಮೇಲೆ ನಿಂತವರಿಗೆ ನರಿ ಎಲ್ಲಿದೆ ಅಂತ ಗೊತ್ತಾಗೋದು? ಅಂಥ ಕೆಲಸಕ್ಕೆ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ನಾಯಿಗೆ ಎರಡು ಬೆಡ್‌ರೂಮಿನ ಮನೆಯಲ್ಲಿ ಸುಮ್ಮನೆ ಬಿದ್ದಿರು ಅಂದ್ರೆ ಅದು ಬಿದ್ದಿರಲ್ಲ.

ಎರಡನೇ ಕೆಲಸ, ಪಶುವೈದ್ಯರ ಹತ್ತಿರ ಹೋಗಿದ್ದು. ರೇಬೀಸ್ ಲಸಿಕೆ ಹಾಕಿ, ಜಂತುಹುಳದ ಮಾತ್ರೆ ಕೊಟ್ಟು, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ್ರು. ಕಂದು ಕಿವಿಯಲ್ಲಿ ಸೋಂಕಾಗಿತ್ತು. "ಕಿವಿ ನೋಯ್ತಿರುವಾಗ ಯಾರಾದ್ರೂ ತಲೆ ಸವರೋಕೆ ಬಂದ್ರೆ ನೀವಾದ್ರೂ ಬಯ್ಯಲ್ವಾ?" ಅಂದ್ರು. ಹತ್ತು ದಿನ ಔಷಧಿ ಹಾಕಿದ್ವಿ. ತಲೆ ಮುಟ್ಟಿದ್ರೆ ಹಲ್ಲು ತೋರಿಸೋ ಅಭ್ಯಾಸ ಅಲ್ಲಿಗೇ ಮುಕ್ಕಾಲು ಭಾಗ ಕಮ್ಮಿ ಆಯ್ತು. ನಾಯಿ ಇದ್ದಕ್ಕಿದ್ದಂತೆ ಸಿಡುಕಿದ್ರೆ ಮೊದಲು ನೋವಿದೆಯಾ ಅಂತ ನೋಡಿಸಬೇಕು, ಸ್ವಭಾವದ ಮಾತು ಆಮೇಲೆ.

ದತ್ತು ಕೊಡೋರ ನಡುವೆ ಒಂದು ರೂಢಿಯ ಲೆಕ್ಕ ಇದೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ಗಾಬರಿ ಇಳಿಯೋಕೆ ಮೂರು ದಿನ, ಮನೆಯ ರೀತಿ ಗೊತ್ತಾಗೋಕೆ ಮೂರು ವಾರ, ಇದು ನನ್ನ ಮನೆ ಅನ್ನಿಸೋಕೆ ಮೂರು ತಿಂಗಳು. ನಿಯಮ ಏನಲ್ಲ, ಅಂದಾಜು. ಮೊದಲ ಮೂರು ದಿನ ನಾವು ಅವನ ತಂಟೆಗೇ ಹೋಗಲಿಲ್ಲ. ಫ್ರೆಂಡ್ಸ್ ಯಾರನ್ನೂ ಕರೀಲಿಲ್ಲ. ಅವನು ಮಂಚದ ಕೆಳಗಿದ್ದ, ನಾವು ನೆಲದ ಮೇಲೆ ಕೂತು ಲ್ಯಾಬ್ ರೆಕಾರ್ಡ್ ಬರೆದ್ವಿ. ರಾತ್ರಿ ಹನ್ನೊಂದಕ್ಕೆ ಹಾಲ್‌ನ ಲೈಟ್ ಆಫ್. ನಮ್ಮ ಮನೆಯ ಇತಿಹಾಸದಲ್ಲಿ ಅದೇ ಮೊದಲು.

ಇನ್ನು ಭಾಷೆಯ ವಿಷಯ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರ್ತಿತ್ತು. 'ನೋ' ಅಂದ ಕೂಡಲೇ ಕಿವಿ ಹಿಂದಕ್ಕೆ, ಬಾಲ ಕಾಲಿನ ಮಧ್ಯಕ್ಕೆ. 'ಸಿಟ್' ಅಂದ್ರೆ ಕೂರ್ತಿದ್ದ, ಆದ್ರೆ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ತಿದ್ದ. ಹಸಿವಿಲ್ಲದಾಗ ನಾಯಿ ಹಾಗೆ ತುಟಿ ನೆಕ್ಕಿಕೊಂಡ್ರೆ ಅದು ಹೆಚ್ಚಾಗಿ ಆತಂಕದ ಗುರುತು. ಆ ಪದಗಳ ಹಿಂದೆ ಬೈಗುಳವೋ ಏಟೋ ಇದ್ದಿರಬೇಕು. ಒಂದು ಪದ ಹಾಗೆ ಕೆಟ್ಟುಹೋದ್ರೆ ಅದನ್ನ ರಿಪೇರಿ ಮಾಡೋದಕ್ಕಿಂತ ಹೊಸ ಪದ ಕಲಿಸೋದು ಸುಲಭ ಅಂತಾರೆ ನಾಯಿ ಪಳಗಿಸೋರು. ಹಳೇ ಹೆಸರನ್ನೂ ಅದಕ್ಕೇ ಬಿಟ್ವಿ.

ಕನ್ನಡದಲ್ಲೇ ಕಲಿಸೋಣ ಅಂತ ತೀರ್ಮಾನ ಆಯ್ತು. ಆದ್ರೆ ಯಾವ ಕನ್ನಡ? ಮೈಸೂರಿನವನು 'ಕೂತ್ಕೋ' ಅಂದ, ಶಿರಸಿಯವನು 'ಕೂತ್ಕ' ಅಂದ, ಬಳ್ಳಾರಿಯವನು 'ಕುಂದ್ರು' ಅಂದ. ನಾಯಿ ಮೂವರ ಮುಖವನ್ನೂ ನೋಡಿ ಮಲಗಿಬಿಡ್ತು. ಕೊನೆಗೆ ಬಳ್ಳಾರಿ ಗೆದ್ದಿತು. 'ಕುಂದ್ರು' ಬೇರೆ ಯಾವ ಪದದ ಜೊತೆಗೂ ಕಲೆಸಿಹೋಗಲ್ಲ, ಅವನ ಹಳೇ ಮನೆಗಳಲ್ಲಿ ಯಾರೂ ಅಂದಿರೋ ಸಾಧ್ಯತೆಯೂ ಇಲ್ಲ. ಬಾ, ಕುಂದ್ರು, ಬಿಡು, ಸಾಕು: ಈ ನಾಲ್ಕು ಪದ ಬರೆದು ಫ್ರಿಜ್ ಮೇಲೆ ಅಂಟಿಸಿದ್ವಿ. ಎಲ್ಲರೂ ಅದೇ ಪದ, ಅದೇ ದನಿ, ಮಾಡಿದ ತಕ್ಷಣ ಒಂದು ಚೂರು ಬೇಯಿಸಿದ ಚಿಕನ್. ನಾವು ನಾಲ್ವರೂ ಇಂಗ್ಲಿಷ್ ಮೀಡಿಯಂನವರು. ನಮ್ಮಲ್ಲೊಬ್ಬನ ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಹತ್ತು ರೂಪಾಯಿ ಫೈನ್ ಇತ್ತು. ಇಲ್ಲಿ ಕನ್ನಡ ಕೇಳಿಸಿಕೊಂಡ್ರೆ ಚಿಕನ್.

ತಟ್ಟೆಯ ಸಮಸ್ಯೆ ನಿಜಕ್ಕೂ ಅಪಾಯದ್ದು. ಗುರ್ ಅಂದ್ರೆ ತಟ್ಟೆ ಕಿತ್ಕೊಳ್ಳಿ, ಯಜಮಾನ ಯಾರು ಅಂತ ತೋರಿಸಿ ಅಂತ ಸಲಹೆ ಕೊಟ್ಟವರು ಬಹಳ ಜನ. ನಾಯಿಯ ಕಡೆಯಿಂದ ನೋಡಿ: ಯಾರಾದ್ರೂ ಹತ್ತಿರ ಬಂದ್ರೆ ಊಟ ಹೋಗುತ್ತೆ ಅನ್ನೋ ಭಯ ಅದಕ್ಕಿದೆ, ನೀವು ಕಿತ್ಕೊಂಡು ಅದು ನಿಜ ಅಂತ ತೋರಿಸ್ತೀರಿ. ಗುರ್ ಅನ್ನೋದು ಎಚ್ಚರಿಕೆಯ ಗಂಟೆ. ಹೊಡೆದು ಆ ಗಂಟೆ ನಿಲ್ಲಿಸಿದ್ರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತೆ. ನಾವು ಉಲ್ಟಾ ಮಾಡಿದ್ವಿ. ಅವನು ತಿನ್ನುವಾಗ ಎಂಟು ಅಡಿ ದೂರದಲ್ಲಿ ಹಾದು ಹೋಗ್ತಾ ಅವನ ಕಡೆ ಒಂದು ಚಿಕನ್ ಚೂರು ಎಸೆಯೋದು, ನಿಲ್ಲದೆ ಹೋಗಿಬಿಡೋದು. ಮೈ ಬಿಗಿ ಮಾಡದೆ ತಿಂದ್ರೆ ಮಾರನೇ ದಿನ ಅರ್ಧ ಅಡಿ ಹತ್ತಿರ. ಬಿಗಿ ಮಾಡಿದ್ರೆ ಮತ್ತೆ ಹಿಂದಕ್ಕೆ. ನಾಲ್ಕನೇ ವಾರದ ಹೊತ್ತಿಗೆ ನಾವು ಬರ್ತಿದ್ದ ಹಾಗೆ ತಟ್ಟೆ ಬಿಟ್ಟು ತಲೆ ಎತ್ತಿ ಬಾಲ ಆಡಿಸ್ತಿದ್ದ.

ಬೊಗಳೋದಕ್ಕೂ ಅವನದೊಂದು ಲೆಕ್ಕ ಇದೆ. ಮೈಕ್ ಹಾಕಿಕೊಂಡು ತರಕಾರಿ ಗಾಡಿ ಬರುತ್ತೆ, ಅವನು ಬೊಗಳ್ತಾನೆ, ಗಾಡಿ ಹೋಗುತ್ತೆ. ಗಾಡಿ ಹೇಗೂ ಹೋಗೋದೇ, ಆದ್ರೆ ಅವನ ಪ್ರಕಾರ ಓಡಿಸಿದ್ದು ತಾನೇ. ದಿನಾ ಗೆಲ್ಲೋ ಆಟವನ್ನ ಯಾರು ತಾನೇ ಬಿಡ್ತಾರೆ? ಗೇಟಿನ ಕೆಳಗಿನ ಸಂದಿಗೆ ತಗಡು ಕಟ್ಟಿ ಬೀದಿ ಕಾಣದ ಹಾಗೆ ಮಾಡಿದ್ವಿ. ಗಾಡಿಯ ಸದ್ದನ್ನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಒಳಗಿನ ರೂಮಿನಲ್ಲಿ ಕೇಳಿಸಿಯೂ ಕೇಳಿಸದಷ್ಟು ಸಣ್ಣದಾಗಿ ಹಾಕಿ, ಸದ್ದು ಬಂದಾಗೆಲ್ಲ ತಿಂಡಿ ಕೊಟ್ವಿ. ಕೆಲವು ದಿನಕ್ಕೊಮ್ಮೆ ವಾಲ್ಯೂಮ್ ಒಂದೊಂದೇ ಗೆರೆ ಮೇಲಕ್ಕೆ. ಆಪ್-ಆಂಪ್ ಸ್ಯಾಚುರೇಟ್ ಆದ್ಮೇಲೆ ಇನ್‌ಪುಟ್ ಎಷ್ಟು ಹೆಚ್ಚಿಸಿದ್ರೂ ಔಟ್‌ಪುಟ್ ಕದಲಲ್ಲ ಅಂತ ನಾವೆಲ್ಲ ಓದಿದ್ದೀವಲ್ಲ, ಹೆದರಿದ ನಾಯಿನೂ ಹಾಗೇ. ಬೊಗಳಿ ಬೊಗಳಿ ಮೈಮೇಲೆ ಪ್ರಜ್ಞೆ ಇಲ್ಲದಾಗ ಅದಕ್ಕೆ ಏನೂ ಕಲಿಸೋಕಾಗಲ್ಲ. ಆ ಮಿತಿಗಿಂತ ಕೆಳಗಿದ್ದಾಗ ಮಾತ್ರ ಪಾಠ ತಲೆಗೆ ಹೋಗುತ್ತೆ.

ಅಗೆಯೋ ಚಟ ಬಿಡಿಸೋ ಪ್ರಯತ್ನವನ್ನೇ ನಾವು ಮಾಡಲಿಲ್ಲ, ಜಾಗ ಬದಲಾಯಿಸಿದ್ವಿ. ಆಂಟಿಯ ಬದನೆ ಗಿಡಗಳಿಗೆ ಮೆಶ್ ಸುತ್ತಿ, ಹಿತ್ತಲಲ್ಲಿ ಒಂದು ಹಳೇ ಪ್ಲಾಸ್ಟಿಕ್ ಟಬ್‌ಗೆ ಮರಳು ತುಂಬಿ, ಅದರೊಳಗೆ ಚೆಂಡು, ಹಗ್ಗದ ತುಂಡು, ಕ್ಯಾರೆಟ್ ಹೂತಿಟ್ವಿ. ಬೆಳಗ್ಗೆ ಇಪ್ಪತ್ತು ನಿಮಿಷ ಅಲ್ಲಿ ಗಣಿಗಾರಿಕೆ ನಡೆಸಿದ್ರೆ ಮಧ್ಯಾಹ್ನದವರೆಗೂ ನಿದ್ದೆ. ಒಂಟಿತನಕ್ಕೆ ಮಾತ್ರ ಅಂಥ ಸುಲಭದ ದಾರಿ ಇರಲಿಲ್ಲ. ಬಾಗಿಲು ಹಾಕಿ ಹತ್ತು ಸೆಕೆಂಡಿಗೆ ವಾಪಸ್ ಬರೋದು, ಆಮೇಲೆ ಮೂವತ್ತು ಸೆಕೆಂಡು, ಆಮೇಲೆ ಎರಡು ನಿಮಿಷ. ಅಲ್ಲಿಯವರೆಗೆ ಒಬ್ಬರಾದ್ರೂ ಮನೆಯಲ್ಲಿರೋ ಹಾಗೆ ಲ್ಯಾಬ್ ಬ್ಯಾಚು, ಅಟೆಂಡೆನ್ಸ್ ಎಲ್ಲ ನೋಡಿ ಶೀಟ್ ಮಾಡಿದ್ವಿ. ಅಕ್ಟೋಬರ್ ಹೊತ್ತಿಗೆ ಎರಡು ಗಂಟೆ ಸುಮ್ಮನಿರೋದು ಕಲಿತ.

ಈ ಮಧ್ಯೆ ಓನರ್ ಅಂಕಲ್ ದಿನಾ ಸಂಜೆ ಹಿತ್ತಲಿಗೆ ಬಂದು ಮರಳಿನ ಆಟ ನೋಡೋಕೆ ಶುರು ಮಾಡಿದ್ರು. ನಿವೃತ್ತ ಮೇಷ್ಟ್ರು. ಒಂದು ದಿನ ಆತಕೂರಿನ ಕಾಳಿಯ ಕಥೆ ಹೇಳಿದ್ರು. ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಮಣಲೇರ ತೋರಿಸಿದ ಪರಾಕ್ರಮಕ್ಕೆ ಮೆಚ್ಚಿ ರಾಜ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ನಿಲ್ಲಿಸಿದ ವೀರಗಲ್ಲು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. "ನೋಡ್ರಪ್ಪಾ, ಅದೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ನಾಯೀನೇ" ಅಂದ್ರು ಅಂಕಲ್. ಹಿಂದೆ ನಿಂತಿದ್ದ ಆಂಟಿ ಏನೂ ಅನ್ನಲಿಲ್ಲ.

ದೀಪಾವಳಿ ಬಂತು. ಪಟಾಕಿ ಸದ್ದಿಗೆ ಎಂಥ ನಾಯಿನೂ ನಡುಗುತ್ತೆ. ಒಳಗಿನ ರೂಮಿನ ಕಿಟಕಿಗೆ ರಗ್ಗು ಹೊದಿಸಿ, ಫ್ಯಾನ್ ಜೋರು ಮಾಡಿ, ಸ್ಪೀಕರ್‌ನಲ್ಲಿ ಹಾಡು ಹಾಕಿ, ಇಬ್ಬರು ಊರಿಗೆ ಹೋಗದೆ ಅವನ ಜೊತೆ ಉಳಿದ್ವಿ. ನಡುಗಿದ, ಆದ್ರೆ ಕೂಗಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಹೊರಗೆ ಆಂಟಿಯ ದನಿ ಕೇಳಿಸ್ತು, ಮೊಮ್ಮಗನಿಗೆ ಬಯ್ತಿದ್ರು: "ಇಲ್ಲಿ ಹಚ್ಚಬೇಡ ಅಂದ್ನಲ್ಲ, ಬೀದಿ ಕೊನೇಗೆ ಹೋಗು. ಒಳಗೆ ನಮ್ಮ ಚುರುಮುರಿ ಇದಾನೆ." ನಾವಿಬ್ಬರೂ ಮುಖ ಮುಖ ನೋಡಿಕೊಂಡ್ವಿ. ಗಡುವಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಹಾಗಂತ ಎಲ್ಲ ಸರಿಹೋಗಿದೆ ಅಂತಲ್ಲ. ಬೆಕ್ಕು ಕಂಡ್ರೆ ಇವತ್ತಿಗೂ ಕನ್ನಡ ಮರೆತುಹೋಗುತ್ತೆ. ಸ್ಕೂಟರ್ ಹಿಂದೆ ಓಡೋ ಆಸೆ ಹೋಗಿಲ್ಲ, ಬೆಲ್ಟ್ ಇಲ್ಲದೆ ಹೊರಗೆ ಬಿಡಲ್ಲ. ಮನೆಗೆ ಬರೋ ಜೂನಿಯರ್ಸ್‌ಗೆ ಹೇಳೋದು ಒಂದೇ: ಅವನ ತಟ್ಟೆ ಮುಟ್ಟಬೇಡಿ, ಮೇಲಿಂದ ಬಗ್ಗಿ ತಲೆ ಸವರಬೇಡಿ, ಅವನೇ ಬಂದು ಮೂಸಲಿ.

ನಮ್ಮ ಥರ ಬಾಡಿಗೆ ಮನೆಯಲ್ಲಿದ್ದು ನಾಯಿ ತರಬೇಕು ಅಂತಿರೋರಿಗೆ ಇನ್ನೊಂದು ಮಾತು. ಜಾಕ್ ರಸೆಲ್‌ಗಳು ಹದಿಮೂರು, ಹದಿನಾಲ್ಕು ವರ್ಷ ಬದುಕುತ್ತವೆ. ಇಂಜಿನಿಯರಿಂಗ್ ನಾಲ್ಕೇ ವರ್ಷ. ಎಂಟನೇ ಸೆಮಿಸ್ಟರ್ ಮುಗಿದ ಮೇಲೆ ಇವನು ಎಲ್ಲಿಗೆ ಅನ್ನೋದನ್ನ ನಾವು ಕರ್ಕೊಂಡು ಬರೋ ಮುಂಚೆಯೇ ಮಾತಾಡಿ, ಬರೆದಿಟ್ಟುಕೊಂಡಿದ್ವಿ: ಶಿರಸಿಯವನ ಮನೆಗೆ. ಅಲ್ಲಿ ಅಡಿಕೆ ತೋಟ ಇದೆ, ಹೆಗ್ಗಣದ ಕಾಟವೂ ಇದೆ. ಅವನ ಅಮ್ಮ ವೀಡಿಯೊ ಕಾಲ್‌ನಲ್ಲಿ ದಿನಾ ಮಾತಾಡಿಸ್ತಾರೆ. ಮೊನ್ನೆಯಿಂದ ಅವರೂ 'ಕುಂದ್ರು' ಅನ್ನೋದು ಕಲಿತಿದ್ದಾರೆ.