ಅದುರುವ ಕಾರು, ಶ್ರುತಿ ತಪ್ಪಿದ ಲೆಕ್ಕ

ನಮ್ಮ ಹಳೆಯ ಮಾರುತಿ 800ಕ್ಕೆ ಒಂದು ವಿಚಿತ್ರ ಚಾಳಿ ಅಂಟಿಕೊಂಡಿತ್ತು. ಮನೆಯಿಂದ ಹೊರಡುವಾಗ ಸಾಧು ಹಸುವಿನ ಹಾಗೆ ಹೊರಡುವುದು. ವೇಗ ಐವತ್ತು ದಾಟಿದ ಮೇಲೆ ಮುಂದಿನ ಲಾರಿಯನ್ನು ಹಿಂದೆ ಹಾಕೋಣವೆಂದು ಆಕ್ಸಿಲರೇಟರ್ ಒತ್ತಿದೆನೋ, ಚಳಿಜ್ವರ ಬಂದವರಂತೆ ಗಡಗಡ ನಡುಗುವುದು. ಕಾಲು ತೆಗೆದರೆ ಮತ್ತೆ ಸಾಧು!

ಇದು 2011ರ ಮಾತು. ಯಾರು ಏನು ಹೇಳಿದರೆ ಅದನ್ನು ಮಾಡಿಸಿದೆ. ಒಬ್ಬರು ವ್ಹೀಲ್ ಬ್ಯಾಲೆನ್ಸಿಂಗ್ ಎಂದರು, ಮಾಡಿಸಿದೆ. ಇನ್ನೊಬ್ಬರು ಟೈರು ಸವೆದಿದೆ ಎಂದರು, ಮುಂದಿನ ಎರಡು ಟೈರು ಹೊಸದು ಹಾಕಿಸಿದೆ. ಮೂರನೆಯವರ ಮಾತು ಕೇಳಿ ಪ್ಲಗ್ಗುಗಳನ್ನೂ ಬದಲಿಸಿದೆ. ಕಿಸೆ ಹಗುರವಾಯಿತೇ ಹೊರತು ನಡುಕ ನಿಲ್ಲಲಿಲ್ಲ.

ಮೊದಲ ಪಿಯುಸಿಯಲ್ಲಿದ್ದ ಮಗ ಒಂದು ದಿನ ಹಿಂದಿನ ಸೀಟಿನಿಂದ, "ಅಪ್ಪ, ಟೈರಿನ ದೋಷವಾದರೆ ಕಾಲು ತೆಗೆದಾಗಲೂ ಅದುರಬೇಕಲ್ವಾ?" ಎಂದ. "ನೀನು ಮೊದಲು ನಿನ್ನ ಗಣಿತ ನೋಡಿಕೋ" ಎಂದು ಬಾಯಿ ಮುಚ್ಚಿಸಿದೆ. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಅವನಿಗೆ ನೂರಕ್ಕೆ ಬಂದದ್ದು 22. ಅಲ್ಲಿಯೂ ನನ್ನದು ಅದೇ ಚಿಕಿತ್ಸೆ. ಆರು ತಿಂಗಳಲ್ಲಿ ಮೂರು ಟ್ಯೂಷನ್ ಬದಲಿಸಿದ್ದೆ.

ಒಂದು ಭಾನುವಾರ ಅಮ್ಮನನ್ನು ರುದ್ರಪಟ್ಟಣಕ್ಕೆ ಕರೆದುಕೊಂಡು ಹೊರಟೆವು. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ಈ ಊರು ಸಂಗೀತಕ್ಕೆ ಹೆಸರಾದದ್ದು. 1920ರಲ್ಲಿ ಇಲ್ಲಿ ಹುಟ್ಟಿದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರಿಗೆ ಅದೇ ವರ್ಷ ಪದ್ಮಭೂಷಣ ಬಂದಿತ್ತು. ಅಮ್ಮನಿಗೆ ಅವರ ಹಾಡೆಂದರೆ ಪ್ರಾಣ. ಆ ಊರನ್ನೊಮ್ಮೆ ನೋಡಬೇಕೆಂಬುದು ಅವಳ ಬಹುದಿನದ ಆಸೆ.

ಅರಕಲಗೂಡು ಸಮೀಪಿಸುವಷ್ಟರಲ್ಲಿ ನಡುಕ ಹೆಚ್ಚಿ, ಅಮ್ಮ ರಾಮನಾಮ ಜಪಿಸತೊಡಗಿದಳು. ರಸ್ತೆ ಪಕ್ಕದ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ವಯಸ್ಸಾದ ಮೇಸ್ತ್ರಿ. ನಾನು ಬಾನೆಟ್ ಎತ್ತಲು ಹೋದರೆ ಅವರು ತಡೆದರು. "ಇರಲಿ ಸಾರ್. ಮೊದಲು ಹೇಳಿ, ಯಾವಾಗ ಅದುರುತ್ತೆ, ಯಾವಾಗ ಅದುರಲ್ಲ?"

ನಾನು ತಡವರಿಸಿದೆ. ಮಗ ಪಟಪಟನೆ ಹೇಳಿದ. ನಿಂತಲ್ಲಿ ಎಂಜಿನ್ ರೇಸ್ ಮಾಡಿದರೆ ಅದುರುವುದಿಲ್ಲ, ಬ್ರೇಕ್ ಹಾಕಿದರೂ ಇಲ್ಲ, ಇಳಿಜಾರಿನಲ್ಲಿ ಕಾಲು ತೆಗೆದು ಬಿಟ್ಟರೂ ಇಲ್ಲ. ಏರಿನಲ್ಲಿ ಒತ್ತಿದರೆ ಮಾತ್ರ ಜಾಸ್ತಿ.

ಮೇಸ್ತ್ರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದರು. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಮೂರನೇ ಗೇರಿನಲ್ಲೊಮ್ಮೆ, ನಾಲ್ಕನೆಯದರಲ್ಲೊಮ್ಮೆ ಒತ್ತಿ ನೋಡಿದರಂತೆ. ಗೇರು ಬದಲಾದರೆ ಎಂಜಿನ್ ತಿರುಗುವ ಲೆಕ್ಕ ಬದಲಾಗುತ್ತದೆ, ಚಕ್ರದ್ದು ಬದಲಾಗುವುದಿಲ್ಲ. ನಡುಕದ ತಾಳ ಎರಡರಲ್ಲೂ ಒಂದೇ ಇತ್ತು. ಅಂದರೆ ದೋಷ ಎಂಜಿನ್ನಿನದಲ್ಲ, ಗೇರ್ ಪೆಟ್ಟಿಗೆಯಿಂದ ಈಚೆಗಿನದು. ಚಕ್ರದ್ದೇ ಆಗಿದ್ದರೆ ಕಾಲು ತೆಗೆದಾಗಲೂ ಅದುರಬೇಕಿತ್ತು. ಭಾರ ಬಿದ್ದಾಗ ಮಾತ್ರ ತಕರಾರು ಮಾಡುವುದು ಇವೆರಡರ ನಡುವಿನ ಆಕ್ಸೆಲ್ಲಿನ ಕೀಲು.

ಜ್ಯಾಕ್ ಕೊಟ್ಟು ಎತ್ತಿದರು. ಎಡಗಡೆ ಆಕ್ಸೆಲ್ಲಿನ ಒಳತುದಿಯ ರಬ್ಬರ್ ಬೂಟು ಹರಿದು, ಗ್ರೀಸೆಲ್ಲ ಸುತ್ತ ಸಿಡಿದಿತ್ತು. ಒಳಗೆ ಬಟ್ಟಲಿನಂಥ ಭಾಗದಲ್ಲಿ ಮೂರು ಉರುಳೆಗಳು ಜಾರುತ್ತಿರಬೇಕು. ಗ್ರೀಸು ಹೋಗಿ, ಧೂಳು ಸೇರಿ, ಉರುಳೆಗಳು ಓಡಾಡುವ ಜಾಡಿನಲ್ಲಿ ಗುಳಿ ಬಿದ್ದಿತ್ತು. ಒತ್ತಿದಾಗ ಉರುಳೆಗಳು ಗುಳಿಯಲ್ಲಿ ಸಿಕ್ಕಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತವೆ. "ಚಕ್ರ ಒಂದು ಸುತ್ತು ತಿರುಗಿದರೆ ಮೂರು ಸಲ" ಎಂದರು ಮೇಸ್ತ್ರಿ. "ಬೂಟು ಹರಿದಾಗಲೇ ನೋಡಿದ್ದರೆ ಅಗ್ಗದಲ್ಲಿ ಮುಗೀತಿತ್ತು. ಈಗ ಕೀಲೇ ಬದಲಿಸಬೇಕು."

ಹೊಸ ಕೀಲು ಹಾಸನದಿಂದ ಬರಬೇಕಿತ್ತು. ಕಾಯುವ ಹೊತ್ತಿನಲ್ಲಿ ಮಗ ಗ್ಯಾರೇಜಿನ ಟೇಪು ಕೇಳಿ ಪಡೆದು ಚಕ್ರ ಅಳೆದ. ವ್ಯಾಸ ಸುಮಾರು 50 ಸೆಂಟಿಮೀಟರ್, ಸುತ್ತಳತೆ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹದಿನಾರೂಮುಕ್ಕಾಲು ಮೀಟರ್ ಹತ್ತಿರ. "ಚಕ್ರ ಸೆಕೆಂಡಿಗೆ ಹತ್ತು ಸುತ್ತು ಚಿಲ್ಲರೆ ಅಪ್ಪ. ಅದುರೋದು ಮೂವತ್ತು ಚಿಲ್ಲರೆ ಸಲ!" ಪೆನ್ನಿಲ್ಲ, ಕಾಗದವಿಲ್ಲ. ಗಣಿತದಲ್ಲಿ 22 ತೆಗೆದ ಹುಡುಗ ಇವನೇ!

ಆಗ ನನಗೆ ಮೇಸ್ತ್ರಿಯ ಪ್ರಶ್ನೆ ನೆನಪಾಯಿತು. ಮೂರು ಟ್ಯೂಷನ್ ಬದಲಿಸಿದ ನಾನು ಒಮ್ಮೆಯೂ ಅದನ್ನು ಕೇಳಿರಲಿಲ್ಲ. "ನಿನಗೆ ಲೆಕ್ಕ ಯಾವಾಗ ಬರುತ್ತೆ, ಯಾವಾಗ ಬರಲ್ಲ?" ಎಂದೆ.

ಅವನು ಟೇಪು ಸುತ್ತುತ್ತಾ ತಲೆ ತಗ್ಗಿಸಿದ. "ಸೈನ್, ಕಾಸ್ ಬಂದರೆ ಏನೂ ತಿಳಿಯಲ್ಲ. ಹತ್ತನೇ ಕ್ಲಾಸಿನಲ್ಲಿ ಕಾಮಾಲೆಯಾಗಿ ಒಂದು ತಿಂಗಳು ಮಲಗಿದ್ದೆನಲ್ಲ, ಆಗ ಅದು ಮುಗಿದುಹೋಗಿತ್ತು. ಪಬ್ಲಿಕ್ ಪರೀಕ್ಷೆಗೆ ಬಾಯಿಪಾಠ ಮಾಡಿದೆ. ಟ್ಯೂಷನ್‌ನಲ್ಲಿ ಎಲ್ಲರಿಗೂ ಬರುತ್ತೆ, ನಾನು ಕೇಳಿದರೆ ನಗ್ತಾರೆ."

ಬೂಟು ಅಲ್ಲೇ ಹರಿದಿತ್ತು. ನಾನು ಟೈರು ಬದಲಿಸುತ್ತಿದ್ದೆ.

ಸಂಜೆಯ ಹೊತ್ತಿಗೆ ಕಾರು ಸರಿಯಾಯಿತು. ರುದ್ರಪಟ್ಟಣದಲ್ಲಿ ತಂಬೂರಿಯಾಕಾರದ ಸಪ್ತಸ್ವರ ಮಂದಿರದ ಮುಂದೆ ಅಮ್ಮ ಕೈಮುಗಿದು ನಿಂತಳು. ಹಾಡುವ ಮೊದಲು ವಿದ್ವಾಂಸರು ಎಷ್ಟೋ ಹೊತ್ತು ತಂಬೂರಿಯ ಬಿರಡೆ ತಿರುವುವುದೇಕೆ ಎಂದು ಮೊಮ್ಮಗ ಕೇಳಿದ. "ಯಾವ ತಂತಿ ತಪ್ಪಿದೆ ಅಂತ ಮೊದಲು ಕಿವಿಗೊಟ್ಟು ಕೇಳಬೇಕಲ್ಲಪ್ಪಾ, ಆಮೇಲೆ ತಿರುವೋದು" ಎಂದಳು.

ಮರುದಿನದಿಂದ ಟ್ಯೂಷನ್ ನಿಲ್ಲಿಸಿದೆವು. ಹತ್ತನೇ ತರಗತಿಯ ಪುಸ್ತಕವನ್ನು ಅಟ್ಟದಿಂದ ಇಳಿಸಿ, ಬಿಟ್ಟುಹೋದ ಪಾಠದಿಂದ ದಿನಕ್ಕೆ ಅರ್ಧ ಗಂಟೆ ಇಬ್ಬರೂ ಕೂತೆವು. ನನಗೂ ಮರೆತುಹೋಗಿದ್ದರಿಂದ ನಗುವವರು ಯಾರೂ ಇರಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ಅವನಿಗೆ ರ್‍ಯಾಂಕೇನೂ ಬರಲಿಲ್ಲ, ಗಣಿತದಲ್ಲಿ 61 ಬಂತು. ಆ ಅರವತ್ತೊಂದು ಅವನದೇ.

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ನಮ್ಮದನ್ನೂ ಮಾರಿದ್ದಾಯಿತು. ಆದರೆ ಮನೆಯಲ್ಲಿ ಏನೇ ಅದುರಿದರೂ ಕಿಸೆಗೆ ಕೈ ಹಾಕುವ ಮುಂಚೆ ಆ ಮೇಸ್ತ್ರಿಯ ಪ್ರಶ್ನೆಯನ್ನೇ ಕೇಳುತ್ತೇವೆ.