ಎಂಬತ್ತಕ್ಕೆ ನಿಂತ ಚಕ್ಕಡಿ

ಮನುಷ್ಯ ಮುನಿದರೆ ಕಾರಣ ಕೇಳಬಹುದು. ಎತ್ತು ಮುನಿದರೆ ಗಂಗೆದೊಗಲು ಸವರಿ ಸಮಾಧಾನಪಡಿಸಬಹುದು. ಕಂಪ್ಯೂಟರು ಮುನಿದರೆ ಮಾತ್ರ ಅದರೆದುರು ಕುಳಿತವನಿಗೆ ದಿಕ್ಕು ತೋಚುವುದಿಲ್ಲ. ಅದು ಬಯ್ಯುವುದಿಲ್ಲ, ಹಟ ಹಿಡಿಯುವುದಿಲ್ಲ, ಆಗದೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಹತ್ತು, ಇಪ್ಪತ್ತು, ಐವತ್ತು ಎಂದು ಏರುತ್ತ ಬಂದು, ನೂರಕ್ಕೆ 80ರಲ್ಲಿ ನಿಂತುಬಿಡುತ್ತದೆ. ನಿಂತದ್ದು ದಣಿವಾರಿಸಿಕೊಳ್ಳಲೋ, ಪ್ರಾಣ ಬಿಡಲೋ ಎಂಬುದು ಬಹಳ ಹೊತ್ತಿನವರೆಗೆ ತಿಳಿಯುವಂತಿಲ್ಲ.

2024ರ ಶ್ರಾವಣದ ಒಂದು ರಾತ್ರಿಯನ್ನು ನವಲಗುಂದ ತಾಲೂಕಿನ ಹಳ್ಳಿಯೊಂದರ ತರುಣನು ಇಂಥ ಪಟ್ಟಿಯನ್ನು ದಿಟ್ಟಿಸುತ್ತಲೇ ಕಳೆಯಬೇಕಾಯಿತು. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಒಂದು ಚೀಲ, ಒಂದು ಲ್ಯಾಪ್‌ಟಾಪಿನೊಡನೆ ಬೆಂಗಳೂರಿನಿಂದ ಮನೆಗೆ ಬಂದವನು ಅವನು. ಜೊತೆಯವರು ಒಬ್ಬೊಬ್ಬರಾಗಿ ಪಟ್ಟಣಕ್ಕೆ ಮರಳಿದರು. ಅವನಿಗೆ ಅದು ಸಾಧ್ಯವಾಗಲಿಲ್ಲ. ತಂದೆಗೆ ಪಾರ್ಶ್ವವಾಯು ತಗಲಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಬೆಣ್ಣಿಹಳ್ಳದ ಕಡೆಗಿನ ಆರು ಎಕರೆ ಎರೆಹೊಲವನ್ನು ನೋಡುವವರು ಬೇರೆ ಯಾರೂ ಇರಲಿಲ್ಲ. ಕಚೇರಿಯವರು ಮರುಗಿ ಒಪ್ಪಿದ್ದರು. ಆದರೆ ಆ ಮರುಕಕ್ಕೂ ಒಂದು ಗಡುವಿತ್ತು. ದೊಡ್ಡ ಗಿರಾಕಿಯ ಕೆಲಸವೊಂದನ್ನು ಊರಿನಲ್ಲಿ ಕುಳಿತೇ ಬೆಳಗಾಗುವುದರೊಳಗೆ ಮುಗಿಸಿ ತೋರಿಸಿದರೆ ಅಲ್ಲಿಯೇ ಇರಬಹುದು. ಇಲ್ಲವಾದರೆ ತಿಂಗಳೊಳಗೆ ಬೆಂಗಳೂರಿಗೆ ಹಾಜರಾಗಬೇಕು.

ಕೆಲಸದ ಸ್ವರೂಪವನ್ನು ವಾಡೆಯ ದೃಷ್ಟಾಂತದಿಂದ ತಿಳಿಯುವುದು ಸುಲಭ. ನಾಲ್ವರು ಅಣ್ಣತಮ್ಮಂದಿರು ಒಂದೇ ವಾಡೆಯಲ್ಲಿ ಬೇರೆ ಬೇರೆ ಒಲೆ ಹೂಡಿ ಬಾಳುವಂತೆ, ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಹತ್ತಾರು ಕಂಪ್ಯೂಟರುಗಳು ಬಾಳುತ್ತವೆ. ಪ್ರತಿಯೊಂದೂ ತಾನೇ ಇಡೀ ಮನೆಯ ಒಡೆಯನೆಂದು ನಂಬಿರುತ್ತದೆ. ಇವುಗಳಿಗೆ ವರ್ಚುವಲ್ ಮಷೀನ್ ಎಂದು ಹೆಸರು, ಮಾಯಾಯಂತ್ರಗಳೆಂದರೂ ಸಲ್ಲುತ್ತದೆ. ಇದೇನೂ ನಿನ್ನೆ ಮೊನ್ನೆಯ ಹೂಟವಲ್ಲ. ಐ.ಬಿ.ಎಂ. ಸಂಸ್ಥೆ 1972ರಲ್ಲಿಯೇ ತನ್ನ ದೊಡ್ಡ ಯಂತ್ರಗಳಿಗೆ ಇಂಥ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತ್ತು. 1998ರಲ್ಲಿ ಸ್ಥಾಪಿತವಾದ ವಿ.ಎಂ.ವೇರ್ ಸಂಸ್ಥೆ ಅದನ್ನು ಸಾಧಾರಣ ಯಂತ್ರಗಳಿಗೂ ಒದಗಿಸಿತು. ಇಂಥ ಪೆಟ್ಟಿಗೆಗಳು ಹಲವಾದಾಗ ಎಲ್ಲಕ್ಕೂ ಒಬ್ಬ ಯಜಮಾನ ಬೇಕಾಗುತ್ತಾನೆ. ಆ ಯಜಮಾನಿಕೆಯ ಸರ್ವರಿಗೆ ವಿ-ಸೆಂಟರ್ ಎನ್ನುತ್ತಾರೆ. ಎಂಟನೆಯ ಆವೃತ್ತಿಯಲ್ಲಿ ಅತಿ ಚಿಕ್ಕದೆನಿಸಿಕೊಂಡ ವಿ-ಸೆಂಟರಿಗೂ 14 ಗಿಗಾಬೈಟ್ ಸ್ಮೃತಿ ಬೇಕು. ಅದು 10 ಪೆಟ್ಟಿಗೆಗಳನ್ನೂ 100 ಮಾಯಾಯಂತ್ರಗಳನ್ನೂ ಸಂಭಾಳಿಸಬಲ್ಲದು. ಸೋಜಿಗವೆಂದರೆ, ಈ ಯಜಮಾನನೂ ಸಾಮಾನ್ಯವಾಗಿ ತಾನು ಆಳುವ ವಾಡೆಯ ಒಂದು ಕೋಣೆಯಲ್ಲಿಯೇ ಮಾಯಾಯಂತ್ರವಾಗಿ ವಾಸಿಸುತ್ತಾನೆ. ಹಿರಿಯ ಕುಟುಂಬಗಳನ್ನು ಬಲ್ಲವರಿಗೆ ಇದು ಹೊಸತೆನಿಸಲಾರದು.

ಈ ಯಜಮಾನನನ್ನು ಗಾದಿಗೇರಿಸುವುದು ಎರಡು ಹಂತದ ಕಾರ್ಯ. ಮೊದಲನೆಯದರಲ್ಲಿ ಅವನ ದೇಹ ಸಿದ್ಧವಾಗುತ್ತದೆ. ಎರಡನೆಯದರಲ್ಲಿ ಅವನಿಗೆ ಅಧಿಕಾರ ದೊರೆಯುತ್ತದೆ. ತರುಣನು ದೂರದಿಂದಲೇ ಗಿರಾಕಿಯ ಕಂಪ್ಯೂಟರೊಂದನ್ನು ನಡೆಸುತ್ತ ಮೊದಲ ಹಂತವನ್ನು ಆರಂಭಿಸಿದಾಗ ರಾತ್ರಿ ಹತ್ತು ಗಂಟೆ. ಪಟ್ಟಿ 80ಕ್ಕೆ ಬಂದು ನಿಂತಿತು. ಕಾದು ಕಾದು ಬೇಸತ್ತು, ಆದದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ತೊಡಗಿದನು. ಮತ್ತೆ 80. ಮೂರನೆಯ ಸಲವೂ ಅದೇ. ನಡುವೆ ಊರಿನ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯನ್ನೂ ಮೊಬೈಲಿನ ಜಾಲವನ್ನೂ ನಂಬಿ ಕುಳಿತದ್ದಾಯಿತು. ಮನೆಯ ದೀಪ ಆರಿದರೂ ಗಿರಾಕಿಯ ಯಂತ್ರ ಆರುವುದಿಲ್ಲವೆಂಬುದೊಂದೇ ಸಮಾಧಾನ.

ನಡುಮನೆಯ ಹೊರಸಿನ ಮೇಲೆ ಮಲಗಿದ್ದ ತಂದೆಗೆ ನಿದ್ದೆ ಬಂದಿರಲಿಲ್ಲ.

“ಏನಾತೋ ತಮ್ಮಾ?”

“ಎಂಬತ್ತಕ್ಕ ಬಂದು ನಿಂತದ ಅಪ್ಪಾ. ಮೂರು ಸಲ ಹೊಡದೆ, ಮುಂದಕ್ಕ ಹೋಗವಲ್ದು.”

“ಚಕ್ಕಡಿ ಹೂತಾಗ ಎತ್ತಿಗೆ ಬಾರಕೋಲು ಹಾಕಿದರ ಏನ್ ಬಂತು? ಇಳದು ಗಾಲಿ ನೋಡು.”

ಎರೆಮಣ್ಣಿನ ಸೀಮೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಳೆ ಬಿದ್ದ ಮರುದಿನ ಅಲ್ಲಿಯ ಹಾದಿಯಲ್ಲಿ ಚಕ್ಕಡಿ ಹೊಡೆದವನು, ಗಾಲಿಯ ಅರಗಳ ನಡುವೆ ಮೆತ್ತಿದ ಮಣ್ಣನ್ನು ಕೆರೆದು ತೆಗೆಯದೆ ಮುಂದೆ ಒಂದು ಮಾರು ಹೋಗಲಾರ. ತರುಣನು ನಾಲ್ಕನೆಯ ಸಲ ಗುಂಡಿ ಒತ್ತಲಿಲ್ಲ. ಹೊಸ ಯಂತ್ರದ ಹೆಸರನ್ನು ಬಿಟ್ಟು, ಅದರ ಅಂಕಿಯ ವಿಳಾಸವನ್ನು ಬರೆದು, 5480 ಎಂಬ ಬಾಗಿಲನ್ನು ತಟ್ಟಿ ನೋಡಿದನು. ಬಾಗಿಲು ತೆರೆಯಿತು! ಸತ್ತಿತೆಂದು ಮೂರು ಬಾರಿ ಹೂಳಲಾಗಿದ್ದ ಯಂತ್ರ ಅಲ್ಲಿ ಎಚ್ಚತ್ತು, ಮುಂದಿನ ಅಪ್ಪಣೆಗಾಗಿ ಕಾದು ಕುಳಿತಿತ್ತು. ಅದನ್ನು ಕರೆಯಬೇಕಾದವರು ಬೇರೊಂದು ಮನೆಯ ಮುಂದೆ ನಿಂತು ಕೂಗುತ್ತಿದ್ದರು, ಅಷ್ಟೆ.

ಕಂಪ್ಯೂಟರುಗಳ ಲೋಕದಲ್ಲಿ ಹೆಸರಿನಿಂದ ವಿಳಾಸವನ್ನು ತಿಳಿಸುವ ಒಂದು ದಫ್ತರವುಂಟು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ರೂಪಿಸಿದ ಅದಕ್ಕೆ ಡಿ.ಎನ್.ಎಸ್. ಎಂದು ಹೆಸರು. ಅದು ಎರಡು ದಿಕ್ಕಿನಲ್ಲಿಯೂ ಸರಿಯಾಗಿರಬೇಕು. ಹೆಸರು ಹೇಳಿದರೆ ವಿಳಾಸ ದೊರೆಯಬೇಕು. ವಿಳಾಸ ಹೇಳಿದರೆ ಅದೇ ಹೆಸರು ಮರಳಿ ಬರಬೇಕು. ಧಾರವಾಡದ ಕಡೆಯ ರೈತನಿಗೆ ಇದು ಉತಾರದ ನ್ಯಾಯ. ಒಡೆಯನ ಹೆಸರು ಹೇಳಿದರೆ ಸರ್ವೆ ನಂಬರು ಸಿಗಬೇಕು; ಸರ್ವೆ ನಂಬರು ಹೇಳಿದರೆ ಅದೇ ಒಡೆಯನ ಹೆಸರು ಬರಬೇಕು. ಎರಡರಲ್ಲೊಂದು ತಪ್ಪಿದರೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಗಿರಾಕಿಯ ದಫ್ತರದಲ್ಲಿ ಹೊಸ ಯಜಮಾನನ ಹೆಸರಿನ ಮುಂದೆ, ಎಂದೋ ಮೂಲೆಗೆ ಸೇರಿದ ಹಳೆಯ ಸರ್ವರಿನ ವಿಳಾಸ ಉಳಿದುಕೊಂಡಿತ್ತು. ಹೊಸ ವಿಳಾಸದಿಂದ ಹೆಸರಿಗೆ ಮರಳುವ ನಮೂದಂತೂ ಇರಲೇ ಇಲ್ಲ. ಗಿರಾಕಿಯ ರಾತ್ರಿಪಾಳಿಯವನನ್ನು ಎಬ್ಬಿಸಿ ಎರಡನ್ನೂ ಬರೆಯಿಸುವಷ್ಟರಲ್ಲಿ ಎರಡು ಗಂಟೆ ಹೊಡೆಯಿತು. ನಾಲ್ಕನೆಯ ಸಲ ಪಟ್ಟಿ 80ನ್ನು ದಾಟಿ, ಏನೂ ಆಗಿಯೇ ಇಲ್ಲವೆಂಬಂತೆ ನಡೆದುಹೋಯಿತು.

ಎರಡನೆಯ ಹಂತಕ್ಕೆ ಕೈ ಹಾಕುವ ಮೊದಲು ತರುಣನು ಮತ್ತೊಂದು ಗಾಲಿಯನ್ನೂ ನೋಡಿದನು. ಅದೇ ಗಡಿಯಾರ. ವಿ-ಸೆಂಟರು ತನ್ನ ಅಧಿಕಾರಕ್ಕೆ ತಾನೇ ಪ್ರಮಾಣಪತ್ರಗಳನ್ನು ಬರೆದುಕೊಳ್ಳುತ್ತದೆ. ಪ್ರತಿ ಪತ್ರದಲ್ಲಿಯೂ ಇಂಥ ಗಳಿಗೆಯಿಂದ ಇದು ಸಲ್ಲುವುದೆಂಬ ಒಕ್ಕಣೆಯಿರುತ್ತದೆ. ಒಂದು ಯಂತ್ರದ ಗಡಿಯಾರ ಮುಂದೆ, ಇನ್ನೊಂದರದು ಹಿಂದೆ ಇದ್ದರೆ, ಇನ್ನೂ ಹುಟ್ಟದ ಪತ್ರವನ್ನು ತೋರಿಸಿದಂತಾಗಿ ಕೆಲಸ ಕೆಡುತ್ತದೆ. ಇಲ್ಲಿ ಪೆಟ್ಟಿಗೆಯ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮುಂದಿತ್ತು. ಈ ಪೆಟ್ಟಿಗೆಗಳು ಎಲ್ಲಿದ್ದರೂ ಲೆಕ್ಕ ಇಡುವುದು ಜಾಗತಿಕ ಕಾಲಮಾನದಲ್ಲಿ. ಭಾರತದ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಯಾರೋ ಪುಣ್ಯಾತ್ಮರು ತಮ್ಮ ಕೈಗಡಿಯಾರ ನೋಡಿ ವೇಳೆಯನ್ನು ಬರೆದುಬಿಟ್ಟಿದ್ದರು. ಅವರನ್ನು ಹಳಿಯುವುದೂ ಕಷ್ಟ. ಭಾರತೀಯ ಕಾಲವೇ 82.5 ರೇಖಾಂಶದ ಲೆಕ್ಕದ್ದಾದ್ದರಿಂದ, ನವಲಗುಂದದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ತಡವಾಗಿ. ಹೊಲದಲ್ಲಿ ನಿಂತವನ ಕಾಲವೊಂದು, ಕೈಗೆ ಕಟ್ಟಿದ ಕಾಲವೊಂದು, ಯಂತ್ರಕ್ಕೆ ಮೂರನೆಯದೊಂದು. ಯಂತ್ರಗಳ ಮಟ್ಟಿಗೆ ಈ ತಂಟೆಯನ್ನು ತೀರಿಸುವ ಉಪಾಯವನ್ನು ಡೇವಿಡ್ ಮಿಲ್ಸ್ ಎಂಬ ವಿದ್ವಾಂಸರು 1985ರಲ್ಲಿಯೇ ಪ್ರಕಟಿಸಿದ್ದರು. ಎನ್.ಟಿ.ಪಿ. ಎಂಬ ಆ ಕ್ರಮದಲ್ಲಿ ಎಲ್ಲ ಯಂತ್ರಗಳೂ ನಂಬಿಕಸ್ಥ ಗಡಿಯಾರವೊಂದನ್ನು ಆಗಾಗ ಕೇಳಿ ತಮ್ಮ ವೇಳೆಯನ್ನು ತಿದ್ದಿಕೊಳ್ಳುತ್ತವೆ. ತರುಣನು ಪೆಟ್ಟಿಗೆಯನ್ನೂ ಹೊಸ ಯಜಮಾನನನ್ನೂ ಒಂದೇ ಗಡಿಯಾರದ ಅಧೀನಕ್ಕೆ ಕೊಟ್ಟು, ಎರಡನೆಯ ಹಂತದ ಗುಂಡಿ ಒತ್ತಿದನು.

ಕೋಳಿ ಕೂಗುವ ಹೊತ್ತಿಗೆ ಪಟ್ಟಿ ನೂರಕ್ಕೆ ಮುಟ್ಟಿತು. ಅವ್ವ ಚಹಾದ ಲೋಟ ತಂದಿಟ್ಟು, “ಇನ್ನರ ಒಂದೀಟು ಮಕ್ಕೋಳೋ ಯಪ್ಪಾ” ಎಂದಳು. ಅವನು ಮಲಗಲಿಲ್ಲ. ನಡೆದ ತಪ್ಪುಗಳನ್ನೂ ತಿದ್ದಿದ ಬಗೆಯನ್ನೂ ಒಂದು ಪುಟದಲ್ಲಿ ಬರೆದು ಕಚೇರಿಗೆ ಕಳುಹಿಸಿದನು. ಮಧ್ಯಾಹ್ನಕ್ಕೆ ಉತ್ತರ ಬಂತು. ಹೊಗಳಿಕೆಯ ಮಾತು ಅದರಲ್ಲಿರಲಿಲ್ಲ. ಇಂಥವೇ ಇನ್ನೆರಡು ಸರ್ವರುಗಳ ಕೆಲಸವಿದೆ, ಅವನ್ನೂ ಅಲ್ಲಿಂದಲೇ ಮಾಡತಕ್ಕದ್ದು ಎಂದಷ್ಟೇ ಇತ್ತು. ತರುಣನು ಅದನ್ನು ತಂದೆಗೆ ಎರಡು ಸಲ ಓದಿ ಹೇಳಿದನು.

ಇನ್ನು ಅವರ ಮನೆಯ ಉತಾರದ ಸಂಗತಿ. ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿ, ಕೈಬರಹದ ಪ್ರತಿಗಳನ್ನು ನಿಲ್ಲಿಸಿ ಎರಡು ದಶಕಗಳು ಕಳೆದಿವೆ. ಆ ಆರು ಎಕರೆಯ ಸರ್ವೆ ನಂಬರು ಕೇಳಿದರೆ ಇಂದಿಗೂ ಬರುವುದು ತೀರಿಹೋದ ಅಜ್ಜನ ಹೆಸರು. ವಾರಸಾ ಮಾಡಿಸಲು ಮನೆಯವರೇ ಬಹುಕಾಲ ಮನಸ್ಸು ಮಾಡಿರಲಿಲ್ಲ. ಈಗ ಮಾಡಿಸಹೊರಟರೆ, ಉತಾರದಲ್ಲಿ ಅಜ್ಜನಿಗೆ ಅಡ್ಡಹೆಸರುಂಟು, ಮರಣದ ದಾಖಲೆಯಲ್ಲಿ ಅದಿಲ್ಲ. ಇಬ್ಬರೂ ಒಬ್ಬರೇ ಎಂಬುದಕ್ಕೆ ಪ್ರಮಾಣಪತ್ರ ಬೇಕು. ತಂದೆಯ ಬಲಗೈ ಹೆಬ್ಬೆಟ್ಟು ಇನ್ನೂ ನಡೆಯುತ್ತದೆ. ಮಳೆ ಒಂದೆರಡು ದಿನ ಬಿಡುವು ಕೊಟ್ಟರೆ ಅವರನ್ನು ಆಟೋದಲ್ಲಿ ಕೂಡಿಸಿಕೊಂಡು ನವಲಗುಂದಕ್ಕೆ ಹೋಗಿಬರುವುದೆಂದು ಮಗ ನಿಶ್ಚಯಿಸಿದನು.