ನಾವು ಕಂಟೇನರ್ ಕೊಂಡದ್ದು

ಹದಿನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿದ ಮೇಲೆ, 2021ರಲ್ಲಿ, ಸ್ವಂತದ್ದೊಂದು ಮಾಡಿಕೊಳ್ಳೋಣವೆಂದು ನಾವು ಅಣ್ಣತಮ್ಮಂದಿರಿಬ್ಬರು ಹೊರಟೆವು. ಹೊಸ ಗಾಡಿಯ ಕಂತು ಕಟ್ಟುವ ತಾಕತ್ತು ನಮಗಿಲ್ಲ, ಹಳೆಯದೇ ಆಗಬೇಕು ಎಂಬುದರಲ್ಲಿ ಜಗಳವಿರಲಿಲ್ಲ. ಜಗಳವಾದದ್ದು ಬಾಡಿಯ ಮೇಲೆ. ತೆರೆದ ಬಾಡಿಯೋ, ಮುಚ್ಚಿದ ಕಂಟೇನರೋ?

ವೈ.ಎನ್.ಹೊಸಕೋಟೆಯಲ್ಲಿ ಹುಟ್ಟಿದವರಿಗೆ ಲಾರಿ ಎಂದರೆ ತೆರೆದ ಬಾಡಿಯದೇ. ಪಾವಗಡ ತಾಲ್ಲೂಕಿನ ಮೂರು ಕಡೆ ಆಂಧ್ರ, ಮೇಲೆ ಬಿಸಿಲು, ಕೆಳಗೆ ಕಡಲೆಕಾಯಿ. ಸುಗ್ಗಿ ಬಂತೆಂದರೆ ಮೂಟೆ ಮೇಲೆ ಮೂಟೆ ಹೇರಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆಗೆ ಹೊರಡುವ ಲಾರಿಗಳನ್ನೇ ನಾವು ನೋಡುತ್ತ ಬೆಳೆದದ್ದು. ಆ ಲಾರಿಗೆ ಮೂರು ಕಡೆಯಿಂದಲೂ ಮಾಲು ಹೇರಬಹುದು, ಇಳಿಸಬಹುದು. ಹುಣಸೆಹಣ್ಣು, ಹುಲ್ಲು, ಇಟ್ಟಿಗೆ, ಮದುವೆ ದಿಬ್ಬಣ, ಏನು ಬೇಕಾದರೂ ಹೋದೀತು.

ನಮ್ಮಲ್ಲಿ ದೊಡ್ಡವನು ಇದನ್ನೇ ಹಿಡಿದು ಕೂತ. ಚಿಕ್ಕವನಿಗೆ ಟಾರ್ಪಾಲಿನ ಸಹವಾಸ ಸಾಕಾಗಿತ್ತು. ಹಿಂದೆ ಒಬ್ಬ ಮಾಲೀಕರ ಗಾಡಿಯಲ್ಲಿ ರಟ್ಟಿನ ಡಬ್ಬಗಳನ್ನು ಒಯ್ಯುವಾಗ ಹಿರಿಯೂರು ದಾಟಿದ ಮೇಲೆ ರಾತ್ರಿ ಮಳೆ ಹಿಡಿಯಿತು. ಟಾರ್ಪಾಲು ಹರಿದದ್ದು ಬೆಳಗಾದ ಮೇಲೆ ಗೊತ್ತಾಯಿತು. ನೆಂದ ಡಬ್ಬಗಳ ಹಣ ಮೂರು ತಿಂಗಳು ಅವನ ಸಂಬಳದಲ್ಲಿ ಹೋಯಿತು. ಅಲ್ಲದೆ ನೆಲಮಂಗಲ, ದಾಬಸ್‌ಪೇಟೆಯ ಗೋದಾಮುಗಳಲ್ಲಿ ಫ್ರಿಜ್ಜು, ಟಿ.ವಿ., ಬಟ್ಟೆ, ಔಷಧಿಗೆಲ್ಲ ಈಗ ಕಂಟೇನರನ್ನೇ ಕೇಳುತ್ತಾರೆ. ತೆರೆದ ಗಾಡಿ ಕಂಡರೆ ಗೇಟಿನ ಹೊರಗೇ ನಿಲ್ಲಿಸುತ್ತಾರೆ.

ಅಮೆರಿಕದಲ್ಲಿ ಎಳೆಯುವ ಗಾಡಿ ಬೇರೆ, 53 ಅಡಿಯ ಪೆಟ್ಟಿಗೆ ಬೇರೆಯಂತೆ. ಒಂದು ಸರಿಹೋಗದಿದ್ದರೆ ಕಳಚಿಟ್ಟು ಇನ್ನೊಂದನ್ನು ಸಿಕ್ಕಿಸಿಕೊಂಡು ಹೋಗಬಹುದು. ನಮ್ಮಂಥವರ ಲಾರಿಯಲ್ಲಿ ಪೆಟ್ಟಿಗೆ ಚಾಸಿಗೇ ಕೂತಿರುತ್ತದೆ. ಆರ್‌ಸಿಯಲ್ಲಿ ಬಾಡಿಯ ವಿಧವನ್ನೂ ಬರೆದಿರುತ್ತಾರೆ. ಬದಲಿಸಬೇಕಾದರೆ ಮತ್ತೆ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಬೇಕು. ಒಮ್ಮೆ ಆರಿಸಿದರೆ ಆರಿಸಿದ ಹಾಗೆಯೇ.

ಕೊನೆಗೆ ತೀರ್ಮಾನ ಮಾಡಿದ್ದು ದುಡ್ಡು. ತಿರುಮಣಿ ಕಡೆ ನಮ್ಮ ಚಿಕ್ಕಪ್ಪನ ಜಮೀನು ಸೋಲಾರ್ ಪಾರ್ಕಿಗೆ ಹೋಗಿತ್ತು. 2019ರ ಕೊನೆಗೆ ಪೂರ್ತಿಯಾದ, 2,050 ಮೆಗಾವ್ಯಾಟಿನ, ಸುಮಾರು 13,000 ಎಕರೆಯ ಪಾರ್ಕು ಅದು. ಗುತ್ತಿಗೆ ಶುರುವಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ. ಆ ಹಣ ಕೂಡಿಟ್ಟಿದ್ದ ಚಿಕ್ಕಪ್ಪ ಮುಂಗಡಕ್ಕೆ ಕೊಡುತ್ತೇನೆಂದರು. ಪಾರ್ಕಿಗೆ ಪ್ಯಾನೆಲ್ಲು ಬಂದದ್ದು ಕಂಟೇನರುಗಳಲ್ಲಿ, ಅದನ್ನವರು ಕಣ್ಣಾರೆ ಕಂಡಿದ್ದರು. "ಕಾಲ ಅದ್ರ ಕಡೀಕೇ ಐತೆ, ತಗಳ್ರಪ್ಪಾ" ಎಂದರು. ಕಡಲೆಕಾಯಿ ಬೆಳೆಯುತ್ತಿದ್ದ ನೆಲದ ಗುತ್ತಿಗೆ ಹಣದಲ್ಲೇ ಬಾಗಿಲಿರುವ ಲಾರಿ ಹುಡುಕಲು ಹೋದೆವು.

32 ಅಡಿಯದನ್ನು ನೋಡಿಯೇ ಕೈಬಿಟ್ಟೆವು. ಅದು ನಮ್ಮೂರ ಬೀದಿಯಲ್ಲಿ ತಿರುಗುವುದಿಲ್ಲ, ಕರೆಂಟಿನ ತಂತಿಗೂ ತಾಗುತ್ತದೆ. 20 ಅಡಿಯದು ಸಾಕೆಂದೆವು. ಮೊದಲು ನೋಡಿದ್ದು ಹೊಸ ಬಣ್ಣ ಬಳಿದು ಮದುವಣಗಿತ್ತಿಯ ಹಾಗೆ ನಿಲ್ಲಿಸಿದ್ದ ಗಾಡಿ. ಅಲ್ಲಿದ್ದ ವಯಸ್ಸಾದ ವೆಲ್ಡರ್ ಒಬ್ಬರು, ಮಾರುವವನು ಚಹಾ ತರಲು ಹೋದಾಗ, ಮೆಲ್ಲಗೆ ಹೇಳಿದರು: "ಒಳಗೋಗಿ ಬಾಗಿಲು ಹಾಕಿಸ್ಕೊಳಿ. ಐದು ನಿಮಿಷ ಸುಮ್ನೆ ನಿಂತ್ಕೊಳಿ." ಹಾಗೇ ನಿಂತೆವು. ಕಣ್ಣು ಕತ್ತಲಿಗೆ ಒಗ್ಗುತ್ತಿದ್ದಂತೆ ಮಾಡಿನಲ್ಲಿ ಒಂದು ಚುಕ್ಕೆ, ಮೂಲೆಯಲ್ಲೆರಡು, ಬೆಸುಗೆಯ ಉದ್ದಕ್ಕೂ ಒಂದು ಸಾಲು. ಅಮಾವಾಸ್ಯೆಯ ಆಕಾಶವೇ ಸರಿ. ಬೆಳಕು ಬರುವಲ್ಲೆಲ್ಲ ನೀರೂ ಬರುತ್ತದೆ. ಲಾರಿ ಕೊಳ್ಳುವ ವಿದ್ಯೆಯಲ್ಲಿ ನಾವು ಕಲಿತ ದೊಡ್ಡ ಪಾಠ ಇದು, ಅದೂ ಬಿಟ್ಟಿಯಾಗಿ.

ಎರಡನೆಯದರಲ್ಲಿ ಚುಕ್ಕೆಯಿರಲಿಲ್ಲ, ವಾಸನೆಯಿತ್ತು. ಹಿಂದೆ ಯಾವುದೋ ರಾಸಾಯನಿಕ ತುಂಬಿದ್ದರು, ಹಲಗೆ ಅದನ್ನು ಕುಡಿದಿತ್ತು. ಅಂಥ ಗಾಡಿಗೆ ತಿನ್ನುವ ಪದಾರ್ಥ ಯಾರೂ ತುಂಬುವುದಿಲ್ಲ. ಮೂರನೆಯದರ ನೆಲವನ್ನು ಹಿಮ್ಮಡಿಯಿಂದ ಗುದ್ದಿ ನೋಡಿದೆವು, ಅಡಿಗೆ ಮಲಗಿ ತುಕ್ಕು ಕೆರೆದು ನೋಡಿದೆವು, ಕತ್ತಲಲ್ಲಿ ನಿಂತೆವು. ಚೆನ್ನಾಗಿತ್ತು. ಕೊಂಡೆವು.

ಬಾಗಿಲ ಕೆಳಗಿನ ರಬ್ಬರನ್ನು ಮಾತ್ರ ನೋಡಿರಲಿಲ್ಲ. ಮೊದಲ ಮಳೆಗಾಲದಲ್ಲಿ ಚಕ್ರ ಎರಚಿದ ನೀರು ಅಲ್ಲಿಂದ ಒಳಬಂದು ಹನ್ನೊಂದು ಡಬ್ಬ ನೆಂದವು. ಟ್ರಾನ್ಸ್‌ಪೋರ್ಟಿನವರು ಬಾಡಿಗೆಯಲ್ಲೇ ಮುರಿದುಕೊಂಡರು. ಚಿಕ್ಕವನು ಎರಡು ದಿನ ಮಾತಾಡಲಿಲ್ಲ. ಟಾರ್ಪಾಲೇನು, ರಬ್ಬರೇನು, ದಂಡ ಅವನ ಹಣೆಗೇ ಅಂಟಿತ್ತು.

ಆದರೂ ಕಷ್ಟ ನೀರಿನದಲ್ಲ, ವಾಪಸು ಬರುವುದರದು. ಬೆಂಗಳೂರಿಂದ ಬಳ್ಳಾರಿಗೋ ಹುಬ್ಬಳ್ಳಿಗೋ ಲೋಡು ಸಿಗುತ್ತದೆ, ಅಲ್ಲಿಂದ ಕಾದರೆ ಇನ್ನೊಂದು. ನಮ್ಮೂರಿಗೆ ಬರಲು ಯಾವ ಲೋಡೂ ಇಲ್ಲ. ನಮ್ಮೂರಿನ ರೇಷ್ಮೆ ಸೀರೆ ಎಷ್ಟೇ ಬೆಲೆಬಾಳಲಿ, ಗಂಟು ಕಟ್ಟಿದರೆ ಬಸ್ಸಿನಲ್ಲೇ ಹೋಗುತ್ತದೆ. ಬುಕಿಂಗ್ ಆಫೀಸಿನಲ್ಲಿ ಹೊಸಕೋಟೆ ಎಂದರೆ ಬೆಂಗಳೂರು ಪಕ್ಕದ ಹೊಸಕೋಟೆ, ಅಲ್ಲಿ ಗೋದಾಮುಗಳ ಸಾಲೇ ಇದೆ. "ಪಕ್ಕದಲ್ಲೇ ಇದೀರಲ್ಲ, ಬೆಳಿಗ್ಗೆ ಆರಕ್ಕೆ ಗಾಡಿ ಹಚ್ಚಿ" ಎನ್ನುತ್ತಾರೆ. ಪಾವಗಡದ್ದು ಎಂದು ತಿದ್ದುವುದನ್ನೇ ಬಿಟ್ಟೆವು. ನೆಲಮಂಗಲದಲ್ಲಿ ಕೋಣೆ ಹಿಡಿದಿದ್ದೇವೆ.

"ಲಾರಿ ತಗಂಡ್ಮೇಲೆ ಊರಿಗೆ ಬರೋದೇ ಕಮ್ಮಿ ಆಯ್ತಲ್ಲಪ್ಪಾ" ಎಂದಳು ಅವ್ವ. ತೆರೆದ ಬಾಡಿಯಾಗಿದ್ದರೆ ಸುಗ್ಗಿಗಾದರೂ ಮನೆಯಲ್ಲಿರುತ್ತಿದ್ದೆವು ಎಂದು ದೊಡ್ಡವನು ಬಾಯಿಬಿಟ್ಟು ಹೇಳಲಿಲ್ಲ.

ಕಳೆದ ಸುಗ್ಗಿಯಲ್ಲಿ ಖಾಲಿ ಗಾಡಿಯನ್ನೇ, ಡೀಸೆಲ್ ಸುಟ್ಟುಕೊಂಡು, ಊರಿಗೆ ತಂದೆವು. ಚಿಕ್ಕಪ್ಪ ಉಳಿಸಿಕೊಂಡಿದ್ದ ಎರಡು ಎಕರೆಯ ಕಡಲೆಕಾಯಿಯನ್ನು ನಾವೇ ಒಯ್ಯಬೇಕೆಂಬ ಆಸೆ. ಹಮಾಲಿ ಒಬ್ಬ ಹಿಂಬಾಗಿಲಲ್ಲಿ ಇಣುಕಿ, "ಏನಣ್ಣಾ ಇದು, ಗವಿ ಇದ್ದಂಗೈತೆ" ಎಂದು ನಕ್ಕ. ಒಂದೇ ಬಾಗಿಲು, ಪ್ರತಿ ಮೂಟೆಯನ್ನೂ ಕೊನೆಯ ಗೋಡೆಯವರೆಗೆ ಹೊತ್ತು ನಡೆಯಬೇಕು. ಕೂಲಿ ಹೆಚ್ಚು ಕೇಳಿದರು, ಕೊಟ್ಟೆವು. ರಾತ್ರಿ ಬಾಗಿಲು ಹಾಕಿಟ್ಟು ಬೆಳಿಗ್ಗೆ ತೆಗೆದರೆ ಒಳಗಿನ ತಗಡು ಬೆವರಿತ್ತು. ಪೂರ್ತಿ ಒಣಗಿರದ ಕಾಯಿಯ ತೇವವೆಲ್ಲ ಮೇಲೆದ್ದು ಮಾಡಿಗೆ ಹತ್ತಿ, ಮೂಟೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಬೂಷ್ಟು ಹಿಡಿದರೆ ಮಿಲ್ಲಿನವರು ಮುಟ್ಟುವುದಿಲ್ಲ.

ಚಿಕ್ಕಪ್ಪ ಏನೂ ಅನ್ನಲಿಲ್ಲ. ಮೂಟೆ ಇಳಿಸಿ ಬಿಸಿಲಿಗೆ ಹರಡಿದೆವು. ಎರಡು ದಿನ ಬಿಟ್ಟು ಪಕ್ಕದ ಬೀದಿಯವರ ತೆರೆದ ಲಾರಿ ಬಂತು. ನಾವಿಬ್ಬರೂ ಮೇಲೆ ಹತ್ತಿ ಟಾರ್ಪಾಲು ಎಳೆದು, ಹಗ್ಗ ಬಿಗಿದುಕೊಟ್ಟೆವು.